ಸ್ಥಾನವೂ ಬೇಕು, ಸಂಘವೂ ಬೇಕು: ಮಹಿಳಾ ಪ್ರಾತಿನಿಧ್ಯ, ಸಮಾನತೆ ಮತ್ತು ಶಾಂತಿ

(ಬಿಜ್ಜರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

 

ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರು ಹುಟ್ಟಿದ ಊರು ಬಿಜ್ಜರಗಿ. ಎಷ್ಟೇ ಗಹನವಾದ ವಿಚಾರವನ್ನಾದರೂ ಯಾರ ಮನಸ್ಸೂ ನೋಯದಂತೆ, ಎಲ್ಲರಿಗೂ ತಿಳಿಯುವಂತೆ ಹೇಳಬಹುದೆಂದು ಅವರ ಪ್ರವಚನ ಕೇಳಿ ಬೆಳೆದ ಈ ಭಾಗದ ಜನಕ್ಕೆ ಗೊತ್ತು. ಇಂದಿನ ವಿಷಯದಲ್ಲಿ ಒಂದಿಷ್ಟು ಕಟುವಾದ ಮಾತುಗಳೂ ಬರುತ್ತವೆ. ಅವನ್ನೂ ಅದೇ ಹದದಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ವಿಷಯ ಇದು: ಮಹಿಳೆಯರು ಆಡಳಿತದ ಸ್ಥಾನಗಳಿಗೆ ಬಂದರೆ ಸಮಾಜದಲ್ಲಿ ಸಮಾನತೆ ಮತ್ತು ಶಾಂತಿ ಹೆಚ್ಚುತ್ತವೆಯೇ? ಹೆಚ್ಚುವುದಾದರೆ ಹೇಗೆ? ನನ್ನ ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು, ನಮ್ಮ ಜಿಲ್ಲೆಯಲ್ಲಿ ಮಹಿಳೆಯರು ಅಧಿಕಾರದತ್ತ ನಡೆದು ಬಂದ ದಾರಿ. ಎರಡನೆಯದು, ಅವರು ಬಂದ ಮೇಲೆ ಆಡಳಿತದಲ್ಲಾದ ಬದಲಾವಣೆ. ಮೂರನೆಯದು ಶಾಂತಿಯ ಪ್ರಶ್ನೆ. ನಾಲ್ಕನೆಯದು, ಇನ್ನೂ ಆಗಬೇಕಾದ ಕೆಲಸ. ನಾನು ತಲುಪಿರುವ ತೀರ್ಮಾನವನ್ನು ಈಗಲೇ ಹೇಳಿಬಿಡುತ್ತೇನೆ. ಬರೀ ಸ್ಥಾನ ಕೊಟ್ಟರೆ ಸಾಲದು, ಬರೀ ಸಂಘ ಕಟ್ಟಿದರೂ ಸಾಲದು. ಸ್ಥಾನದಲ್ಲಿ ಕುಳಿತ ಮಹಿಳೆಯ ಬೆನ್ನಿಗೆ ಸಂಘಟಿತ ಮಹಿಳೆಯರು ಇದ್ದಾಗ ಮಾತ್ರ ಸಮಾನತೆಯೂ ಶಾಂತಿಯೂ ಒಟ್ಟಿಗೆ ಬರುತ್ತವೆ.

1. ನಡೆದು ಬಂದ ದಾರಿ

ವಿಜಯಪುರದಲ್ಲಿ ನಿಂತು ಮಹಿಳೆ ಮತ್ತು ಅಧಿಕಾರದ ಮಾತೆತ್ತಿದರೆ ಮೊದಲು ನೆನಪಾಗುವ ಹೆಸರು ಚಾಂದಬೀಬಿ. ಅಹಮದನಗರದ ನಿಜಾಮಶಾಹಿ ಮನೆತನದ ಮಗಳು. ತಾಳಿಕೋಟೆ ಯುದ್ಧಕ್ಕೆ ಮುನ್ನ ಎರಡು ಸುಲ್ತಾನಶಾಹಿಗಳು ಒಂದಾಗಲು ಮಾಡಿಕೊಂಡ ಬೀಗತನದಲ್ಲಿ ಒಂದನೇ ಅಲಿ ಆದಿಲಶಾಹನ ರಾಣಿಯಾಗಿ ಇಲ್ಲಿಗೆ ಬಂದವಳು. 1580ರಲ್ಲಿ ಗಂಡನ ಕೊಲೆಯಾದಾಗ ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಇನ್ನೂ ಬಾಲಕ. ಅವನ ಪರವಾಗಿ ರಾಜ್ಯ ನೋಡಿಕೊಳ್ಳುವ ಹೊಣೆ ಅವಳ ಮೇಲೆ ಬಿತ್ತು. ದರಬಾರಿನ ಸರದಾರರು ಅವಳನ್ನು ಸೆರೆಯಲ್ಲಿಟ್ಟರು. ಬಿಡುಗಡೆಯಾಗಿ ಬಂದು ಮತ್ತೆ ರಾಜ್ಯ ನಡೆಸಿದಳು. ಮುಂದೆ ತವರಾದ ಅಹಮದನಗರಕ್ಕೆ ಅಕ್ಬರನ ಸೈನ್ಯ ಮುತ್ತಿಗೆ ಹಾಕಿದಾಗ ಕೋಟೆಯನ್ನು ಕಾಯ್ದಳು. 1596ರಲ್ಲಿ ಬೇರಾರ್ ಪ್ರಾಂತವನ್ನು ಬಿಟ್ಟುಕೊಟ್ಟು, ಒಪ್ಪಂದ ಮಾಡಿಕೊಂಡು ರಾಜಧಾನಿಯನ್ನು ಉಳಿಸಿದಳು. ಎರಡು ರಾಜ್ಯಗಳ ಒಪ್ಪಂದದ ಕುರುಹಾಗಿ ಮದುವೆಯಾಗಿ ಬಂದಿದ್ದ ಹೆಣ್ಣುಮಗಳು, ತಾನೇ ಕುಳಿತು ಒಪ್ಪಂದ ಮಾಡುವ ರಾಜಕಾರಣಿಯಾದಳು.

ಆದರೆ 1600ರ ಹೊತ್ತಿಗೆ ಮೊಗಲರು ಮತ್ತೆ ಬಂದಾಗ ಏನಾಯಿತು? ಸಂಧಾನವೇ ಲೇಸು ಎಂದು ಅವಳು ಯೋಚಿಸುತ್ತಿದ್ದಾಗ ಸ್ವಂತ ಪಾಳಯದವರೇ ಅವಳನ್ನು ದ್ರೋಹಿ ಎಂದು ಕೊಂದರು. ಗಂಡಸೊಬ್ಬ ಸಂಧಾನ ಮಾಡಿದರೆ ಅದು ಮುತ್ಸದ್ದಿತನ, ಹೆಂಗಸು ಮಾಡಿದರೆ ಪುಕ್ಕಲುತನ ಎನ್ನುವ ತಕ್ಕಡಿ ಆಗಲೂ ಇತ್ತು. ರಾಣಿಯರ ಕತೆಗಳನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಕಿತ್ತೂರು, ಕೆಳದಿ, ಉಳ್ಳಾಲಗಳನ್ನೂ ನೆನೆಯುತ್ತೇವೆ. ಆದರೆ ಅವರಲ್ಲಿ ಹೆಚ್ಚಿನವರು ಅರಮನೆಯಲ್ಲಿದ್ದುದರಿಂದ, ಗಂಡು ವಾರಸುದಾರರು ಇಲ್ಲದೆ ಹೋದದ್ದರಿಂದ ಅಥವಾ ಇನ್ನೂ ಕೂಸಾಗಿದ್ದರಿಂದ ಅಧಿಕಾರಕ್ಕೆ ಬಂದವರು. ಒಬ್ಬರು ಹೋದ ಮೇಲೆ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಬಾಗಿಲನ್ನು ಬೇರೆ ರೀತಿಯಲ್ಲಿ ತೆರೆಯಲು ಯತ್ನಿಸಿದವರು ಶರಣರು. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಜೊತೆಗೆ ಅವರ ಅಕ್ಕ ನಾಗಮ್ಮ ಇದ್ದರು. ಕಲ್ಯಾಣದಲ್ಲಿ ಅಕ್ಕಮಹಾದೇವಿ ಪ್ರಶ್ನೆಗಳಿಗೆ ಎದುರು ನಿಂತು ಉತ್ತರ ಕೊಟ್ಟರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಗಂಡ ಆಯ್ದು ತಂದರೆ ಅದರಿಂದ ದಾಸೋಹ ಮಾಡುತ್ತಿದ್ದ ಲಕ್ಕಮ್ಮ, ಬೇಕಾದ್ದಕ್ಕಿಂತ ಹೆಚ್ಚು ತಂದ ದಿನ ಅವರನ್ನು ತಿದ್ದಿದರು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ಸಿಕ್ಕಿವೆ. ಮಹಿಳೆಯ ಮಾತಿಗೆ ಸಭೆಯಲ್ಲಿ ಬೆಲೆ ಬಂದ ಕಾಲ ಅದು. ಆದರೆ ಆ ಬೆಲೆಯನ್ನು ಕಾಯುವ ಕಾನೂನು ಇರಲಿಲ್ಲ.

ಕಾನೂನು ಬಂದದ್ದು ನಮ್ಮ ಕಾಲದಲ್ಲಿ, ಅದರಲ್ಲೂ ನಮ್ಮ ರಾಜ್ಯದಲ್ಲಿ ದೇಶಕ್ಕಿಂತ ಮೊದಲೇ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ 1983ರ ಕಾಯ್ದೆ ರೂಪುಗೊಂಡಿತು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಾಯಿತು. 1987ರ ಚುನಾವಣೆಯಲ್ಲಿ ಸುಮಾರು 14,000 ಮಹಿಳೆಯರು ಮಂಡಲ ಪಂಚಾಯತಿಗಳಿಗೆ ಬಂದರು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗಿ ಇಡೀ ದೇಶಕ್ಕೆ ಮೂರರಲ್ಲಿ ಒಂದು ಪಾಲು ಬಂತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಮಹಿಳೆಯರಿಗೂ ಇದರೊಳಗೆ ಪಾಲಿದೆ. ಹಾಗಾಗಿ ಚಾವಡಿಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದ ತಾಯಿಯ ಮಗಳು, ಅದೇ ಊರಿನ ಪಂಚಾಯತಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂರಲು ಸಾಧ್ಯವಾಯಿತು.

ಇಲ್ಲಿಯವರೆಗೆ ಸ್ಥಾನದ ಕತೆ ಹೇಳಿದೆ. ಇದರ ಜೊತೆಗೇ ನಮ್ಮ ಜಿಲ್ಲೆಯಲ್ಲಿ ಸಂಘದ ಕತೆಯೂ ನಡೆಯಿತು. 1989ರಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಕರ್ನಾಟಕದಲ್ಲಿ ಆರಂಭವಾದಾಗ ಆರಿಸಿಕೊಂಡ ಮೊದಲ ಜಿಲ್ಲೆಗಳು ಮೂರು: ಬೀದರ, ಮೈಸೂರು ಮತ್ತು ನಮ್ಮ ಅಂದಿನ ವಿಜಾಪುರ. ಅದು ಸಾಲ ಕೊಡುವ ಯೋಜನೆಯಾಗಿರಲಿಲ್ಲ. ಕೂಲಿ ಮಾಡುವ, ಅದರಲ್ಲೂ ದಲಿತ ಕೇರಿಯ ಮಹಿಳೆಯರು ವಾರಕ್ಕೊಮ್ಮೆ ಕೂಡಿ ಕೂರುವುದು, ತಮ್ಮ ಕಷ್ಟ ತಾವೇ ಮಾತಾಡುವುದು, ಪರಿಹಾರ ತಾವೇ ಹುಡುಕುವುದು ಅದರ ಕೆಲಸವಾಗಿತ್ತು. ಅದಕ್ಕೆಂದೇ ಊರೂರಲ್ಲಿ ‘ಸಂಘದ ಮನೆ’ಗಳು ಎದ್ದವು. ಗಂಡನ ಮನೆ, ತವರುಮನೆ ಎರಡೂ ಅಲ್ಲದ ಮೂರನೆಯ ಮನೆ ಅದು. ಗ್ರಾಮ ಪಂಚಾಯತಿಗೆ ಮಹಿಳಾ ಮೀಸಲು ಬಂದಾಗ ಧೈರ್ಯ ಮಾಡಿ ನಾಮಪತ್ರ ಹಾಕಿದವರಲ್ಲಿ ಈ ಸಂಘಗಳ ಮಹಿಳೆಯರೂ ಇದ್ದರು.

2. ಬಂದ ಮೇಲೆ ಏನು ಬದಲಾಯಿತು?

ಎರಡನೆಯ ಭಾಗಕ್ಕೆ ಬರುತ್ತೇನೆ. ‘ಹೆಸರಿಗೆ ಹೆಂಡತಿ, ಆಡಳಿತ ಗಂಡನದು’ ಎಂಬ ಟೀಕೆ ಎಲ್ಲರಿಗೂ ಗೊತ್ತಿದೆ. ಅದು ಸುಳ್ಳೇನಲ್ಲ. ಸಹಿ ಮಾಡಿಸಿಕೊಳ್ಳಲು ಪುಸ್ತಕವೇ ಮನೆಗೆ ಬರುವುದು, ಅಧ್ಯಕ್ಷೆಯ ಗಂಡನನ್ನೇ ಊರು ‘ಚೇರ್ಮನ್ನರು’ ಎಂದು ಕರೆಯುವುದು, ಇದೆಲ್ಲ ನಮ್ಮ ಕಣ್ಣೆದುರೇ ಇದೆ. ಆದರೆ ಇದಕ್ಕೆ ಮದ್ದು ಮೀಸಲಾತಿ ತೆಗೆಯುವುದಲ್ಲ. ಒಂಟಿಯಾಗಿ ಬಂದ ಮಹಿಳೆ ಮನೆಯವರ ಮಾತಿಗೆ ಕಟ್ಟುಬೀಳುತ್ತಾಳೆ. ನಾಲ್ಕು ಜನರ ಜೊತೆ ಬಂದವಳು ಆ ನಾಲ್ಕು ಜನರಿಗೆ ಉತ್ತರ ಹೇಳಬೇಕಾಗುತ್ತದೆ.

ನಮ್ಮ ಜಿಲ್ಲೆಯ ಒಂದು ಗ್ರಾಮಸಭೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಗಂಡಸರು ಕುರ್ಚಿಗಳ ಮೇಲಿದ್ದರು. ಮಹಿಳೆಯರು ಬಾಗಿಲ ಬಳಿ ಜಮಖಾನದ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಕ್ರಿಯಾ ಯೋಜನೆ ಓದಿದರು: ಸಿಸಿ ರಸ್ತೆ, ಗಟಾರ, ಬೀದಿ ದೀಪ. ಕುಡಿಯುವ ನೀರು ಎರಡು ದಿನಕ್ಕೊಮ್ಮೆ ಎಂದೂ ಓದಿದರು. ಆಗ ಒಬ್ಬ ಹಿರಿಯ ಹೆಣ್ಣುಮಗಳು ಕುಳಿತಲ್ಲಿಂದಲೇ ಕೇಳಿದಳು: “ಎರಡು ದಿನಕ್ಕೊಮ್ಮಿ ಅಂತ ಬರದೀರಿ, ಖರೆ. ಯಾವ ಹೊತ್ತಿಗಿ ಅಂತ ಯಾಕ ಬರದಿಲ್ಲ? ನಾವು ದ್ರಾಕ್ಷಿ ತೋಟಕ್ಕ ಹೋದ ಮ್ಯಾಲ ನಳ ಬಿಟ್ಟರ ನೀರು ಹಿಡಿಯಾವ್ರು ಯಾರು?” ಕೆಲವರು ನಕ್ಕರು. ನೋಡೋಣ ಎಂದರು. ಆ ವಾರ್ಡಿನ ಸದಸ್ಯೆ, ಮೊದಲ ಸಲ ಗೆದ್ದವಳು, ಎದ್ದು ನಿಂತಳು: “ನೋಡೂದು ಆಮ್ಯಾಲರಿ. ಮೊದಲ ಠರಾವಿನಾಗ ಬರೀರಿ. ಬರದ ಮ್ಯಾಲ ನಾ ಸಹಿ ಮಾಡತೀನಿ.” ಜಮಖಾನದ ಮೇಲಿದ್ದ ಸಂಘದ ಮಹಿಳೆಯರೆಲ್ಲ ಅವಳ ಜೊತೆ ಎದ್ದರು. ಠರಾವು ಬರೆಯಲಾಯಿತು, ಬೆಳಿಗ್ಗೆ ಆರರಿಂದ ಎಂಟರವರೆಗೆ ಎಂದು.

ಇದರಲ್ಲಿ ಹಣದ ಮಾತಿಲ್ಲ, ಹೊಸ ಬೋರ್ ಕೊರೆಸಿದ್ದಿಲ್ಲ. ಇದ್ದ ನೀರು ಇದ್ದ ನಳದಲ್ಲೇ ಬಂತು. ಆದರೆ ಹೊತ್ತು ಬದಲಾದ್ದರಿಂದ ಒಬ್ಬಳು ಕೂಲಿ ಕಳೆದುಕೊಳ್ಳುವುದು ತಪ್ಪಿತು, ಇನ್ನೊಬ್ಬಳ ಮಗಳು ನೀರಿಗಾಗಿ ಶಾಲೆ ಬಿಡುವುದು ತಪ್ಪಿತು. ನಳದ ಹೊತ್ತನ್ನು ನಿರ್ಧರಿಸುವವರು ಎಂದೂ ಕೊಡ ಹೊರದವರಾದರೆ ಈ ಪ್ರಶ್ನೆ ಅವರಿಗೆ ಹೊಳೆಯುವುದೇ ಇಲ್ಲ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ದಿನಚರಿ ಬೇರೆ, ಅಷ್ಟೇ. ಪ್ರಾತಿನಿಧ್ಯ ಬೇಕಾಗುವುದು ಇದಕ್ಕೇ.

ಒಂದು ಸಭೆಯನ್ನು ನೋಡಿ ಇಷ್ಟು ಹೇಳಬಹುದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಅವರು ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯತಿಗಳನ್ನು ಹೋಲಿಸಿ ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಖರ್ಚಾಗಿತ್ತು. ಬಂಗಾಳದಲ್ಲಿ ಮಹಿಳೆಯರು ರಸ್ತೆಯನ್ನೂ ಕೇಳುತ್ತಿದ್ದರು, ಅಲ್ಲಿ ರಸ್ತೆಗೂ ಹೆಚ್ಚು ಸಿಕ್ಕಿತ್ತು. ರಾಜಸ್ಥಾನದಲ್ಲಿ ರಸ್ತೆ ಗಂಡಸರ ಬೇಡಿಕೆಯಾಗಿತ್ತು, ಅಲ್ಲಿ ರಸ್ತೆಯ ಪಾಲು ಇಳಿದಿತ್ತು. ಅಂದರೆ ಅಧ್ಯಕ್ಷೆಯರು ಆಯಾ ಊರಿನ ಮಹಿಳೆಯರು ಕೇಳಿದ್ದನ್ನು ಮಾಡಿದ್ದರು.

ಇನ್ನೊಂದು ಅಧ್ಯಯನ 2012ರದು. ಬಂಗಾಳದಲ್ಲಿ ಎರಡು ಅವಧಿ ಮಹಿಳೆಯೇ ಪ್ರಧಾನರಾಗಿದ್ದ ಹಳ್ಳಿಗಳಲ್ಲಿ ತಂದೆ-ತಾಯಿ ಮಗಳ ಬಗ್ಗೆ ಇಟ್ಟುಕೊಂಡ ಆಸೆ ಮಗನ ಬಗೆಗಿನ ಆಸೆಗೆ ಸಮೀಪ ಬಂದಿತ್ತು, ಶಾಲೆಯಲ್ಲಿ ಹುಡುಗ-ಹುಡುಗಿಯರ ನಡುವಿನ ಅಂತರ ಅಳಿಸಿಹೋಗಿತ್ತು. ಒಂದು ಅವಧಿಗೆ ಇಷ್ಟು ಆಗಿರಲಿಲ್ಲ, ಎರಡು ಅವಧಿ ಬೇಕಾಯಿತು. ಅಂದರೆ ಸಮಾನತೆ ಬೇರೂರಲು ಹೊತ್ತು ಬೇಕು. ಮೂವತ್ತು ತಿಂಗಳಿಗೆ ಅಧ್ಯಕ್ಷಗಿರಿ ಬದಲಾಗಿ, ಮುಂದಿನ ಸಲ ಮೀಸಲು ತಿರುಗಿ, ಕೆಲಸ ಕಲಿತವಳು ಮನೆಗೆ ಮರಳುವ ನಮ್ಮ ಪದ್ಧತಿಯಲ್ಲಿ ಆ ಹೊತ್ತು ಎಲ್ಲಿದೆ? ಈ ಪ್ರಶ್ನೆಯನ್ನು ಕೊನೆಯ ಭಾಗಕ್ಕೆ ಇಟ್ಟುಕೊಳ್ಳುತ್ತೇನೆ.

3. ಶಾಂತಿ ಎಂದರೆ ಯಾವುದು?

ಈಗ ಶಾಂತಿಯ ವಿಷಯ. ‘ನಮ್ಮೂರು ಭಾಳ ಶಾಂತ, ಒಂದು ಕೇಸೂ ಇಲ್ಲ’ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕೇಸು ಇಲ್ಲದಿರುವುದು ಶಾಂತಿಯೇ ಎಂಬುದನ್ನು ಪರೀಕ್ಷಿಸಿ ನೋಡಬೇಕು.

ಭಾರತದಲ್ಲಿ ಪಂಚಾಯತಿ ಮೀಸಲಾತಿ ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ವರ್ಷ ಜಾರಿಯಾಯಿತು. ಅದನ್ನೇ ಅಳತೆಗೋಲಾಗಿಟ್ಟು ಲಕ್ಷ್ಮಿ ಅಯ್ಯರ್ ಮತ್ತು ಸಂಗಡಿಗರು 2012ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಮೀಸಲಾತಿ ಬಂದ ಮೇಲೆ ಮಹಿಳೆಯರ ಮೇಲಿನ ಅಪರಾಧಗಳ ದಾಖಲೆ ಶೇ. 40ಕ್ಕೂ ಮಿಕ್ಕಿ ಏರಿತ್ತು. ಮೇಲ್ನೋಟಕ್ಕೆ ಗಾಬರಿಯಾಗುವ ಅಂಕಿ. ಆದರೆ ಅಪರಾಧ ಹೆಚ್ಚಿದ್ದಕ್ಕಿಂತ ಹೇಳಿಕೊಳ್ಳುವ ಧೈರ್ಯ ಹೆಚ್ಚಿತ್ತು, ಠಾಣೆಯಲ್ಲಿ ಕೇಳಿಸಿಕೊಳ್ಳುವವರು ಹೆಚ್ಚಿದ್ದರು ಎಂಬುದು ಅವರ ತೀರ್ಮಾನ. ಹೊಡೆಸಿಕೊಂಡವಳು ಬಾಯಿ ಮುಚ್ಚಿ ಕುಳಿತಾಗ ಊರು ಶಾಂತವಾಗಿ ಕಾಣುತ್ತದೆ. ಅವಳು ಸದಸ್ಯೆಯ ಮನೆಗೆ ಹೋಗಿ ಹೇಳಿಕೊಂಡ ದಿನ ಊರಿನಲ್ಲಿ ಗದ್ದಲವಾಗುತ್ತದೆ. ನಿಜವಾದ ಶಾಂತಿ ಆ ಗದ್ದಲದಿಂದಲೇ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ.

ನಮ್ಮ ಗ್ರಾಮೀಣ ಮಹಿಳೆಯರನ್ನು ‘ನಿಮಗೆ ಶಾಂತಿ ಬೇಕೆಂದರೆ ಏನಾಗಬೇಕು’ ಎಂದು ಕೇಳಿ. ಹೆಚ್ಚಿನವರು ಹೇಳುವುದು ಒಂದೇ: ಸೆರೆ ಬಂದಾಗಬೇಕು. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಆದರೆ ಪಾಕೀಟಿನ ಮದ್ಯ ಕಿರಾಣಿ ಅಂಗಡಿ, ಚಹಾದಂಗಡಿಗಳಿಗೂ ಬಂತು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ, ಸುಮಾರು 200 ಕಿಲೋಮೀಟರ್, ಮದ್ಯ ನಿಷೇಧಕ್ಕಾಗಿ ನಡೆದರು. ಹಿಂದೆ ನಿಜಲಿಂಗಪ್ಪನವರ ಸಂಪುಟದಲ್ಲಿದ್ದ ಯಶೋಧರಾ ದಾಸಪ್ಪ ಅವರು ಪಾನನಿಷೇಧ ಕೈಬಿಟ್ಟದ್ದನ್ನು ವಿರೋಧಿಸಿ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟಿದ್ದರು. ಅಂದು ಸಂಪುಟದಲ್ಲಿ ಒಬ್ಬರಿದ್ದರು, ಬೀದಿಯಲ್ಲಿ ಅವರ ಹಿಂದೆ ಸಾವಿರಾರು ಜನ ಇರಲಿಲ್ಲ. 2019ರಲ್ಲಿ ಬೀದಿಯಲ್ಲಿ ಸಾವಿರಾರು ಜನ ಇದ್ದರು, ಸಂಪುಟದಲ್ಲಿ ಅವರ ಮಾತನ್ನು ಹಟ ಹಿಡಿದು ನಡೆಸುವವರು ಇರಲಿಲ್ಲ. ಎರಡು ಸಲವೂ ಬೇಡಿಕೆ ಈಡೇರಲಿಲ್ಲ. ಸ್ಥಾನ ಮತ್ತು ಸಂಘ ಜೋಡೆತ್ತಿನ ಹಾಗೆ. ಒಂದೇ ಎತ್ತು ಕಟ್ಟಿದರೆ ಗಳೆ ಸಾಗುವುದಿಲ್ಲ.

ಜಗತ್ತಿನ ಅನುಭವವೂ ಇದೇ. ಆಫ್ರಿಕಾದ ಲೈಬೀರಿಯಾದಲ್ಲಿ ಅಂತರ್ಯುದ್ಧ ದೇಶವನ್ನೇ ತಿಂದುಹಾಕುತ್ತಿದ್ದಾಗ, 2003ರಲ್ಲಿ ಲೇಮಾ ಗ್ಬೋವಿ ಅವರ ಮುಂದಾಳತ್ವದಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಮಹಿಳೆಯರು ಒಟ್ಟಾದರು. ಬಿಳಿ ಬಟ್ಟೆ ಉಟ್ಟು ರಾಜಧಾನಿ ಮನ್ರೋವಿಯಾದ ಮೀನು ಪೇಟೆಯ ಹತ್ತಿರ ಬಿಸಿಲು ಮಳೆಯೆನ್ನದೆ ಕುಳಿತರು. ಘಾನಾದಲ್ಲಿ ಸಂಧಾನ ಎಳೆದಾಡುತ್ತಿದ್ದಾಗ ಅಲ್ಲಿಗೂ ಹೋಗಿ, ಒಪ್ಪಂದವಾಗುವ ತನಕ ಯಾರೂ ಏಳಬಾರದೆಂದು ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. 2005ರ ಚುನಾವಣೆಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಆ ದೇಶದ ಅಧ್ಯಕ್ಷರಾಗಿ ಗೆದ್ದರು. 2011ರ ನೊಬೆಲ್ ಶಾಂತಿ ಪುರಸ್ಕಾರ ಇಬ್ಬರಿಗೂ ಸಂದಿತು. ಉತ್ತರ ಐರ್ಲೆಂಡಿನಲ್ಲಿ ಎರಡೂ ಪಂಗಡಗಳ ಮಹಿಳೆಯರು 1996ರಲ್ಲಿ ತಮ್ಮದೇ ಪಕ್ಷ ಕಟ್ಟಿ, ಸಂಧಾನದ ಮೇಜಿನಲ್ಲಿ ಎರಡು ಸ್ಥಾನ ಪಡೆದರು. 1998ರ ಶಾಂತಿ ಒಪ್ಪಂದದಲ್ಲಿ ಹಿಂಸೆಗೆ ಬಲಿಯಾದ ಕುಟುಂಬಗಳ ಮಾತು, ಮಕ್ಕಳು ಕೂಡಿ ಓದುವ ಶಾಲೆಗಳ ಮಾತು ಸೇರಲು ಅವರು ದುಡಿದರು. 2000ದ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯದ ಮೂಲಕ, ಶಾಂತಿ ಮಾತುಕತೆಗಳಲ್ಲಿ ಮಹಿಳೆಯರಿಗೆ ಪಾಲು ಇರಬೇಕೆಂದು ಎಲ್ಲ ದೇಶಗಳಿಗೂ ಹೇಳಿತು. ಸಂಧಾನದ ಯೋಚನೆಗಾಗಿ ಚಾಂದಬೀಬಿಯನ್ನು ಕೊಂದು ನಾಲ್ಕು ಶತಮಾನಗಳಾದ ಮೇಲೆ!

ಹೆಣ್ಣು ಹುಟ್ಟಿನಿಂದಲೇ ಶಾಂತಿಪ್ರಿಯಳು ಎಂದು ನಾನು ಹೇಳುತ್ತಿಲ್ಲ. ಯುದ್ಧ ನಡೆಸಿದ ಮಹಿಳಾ ಪ್ರಧಾನಿಗಳೂ ಇದ್ದಾರೆ. ಬರೀ ಸಂಖ್ಯೆ ನೆಚ್ಚಿಕೊಳ್ಳುವಂತೆಯೂ ಇಲ್ಲ. 2008ರಲ್ಲಿ ಸಂಸತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರನ್ನು ಕಂಡ ಮೊದಲ ದೇಶ ರುವಾಂಡ. ಆಸ್ತಿ, ವಾರಸುದಾರಿಕೆಯ ಕಾನೂನುಗಳು ಅಲ್ಲಿ ಸುಧಾರಿಸಿದವು, ಆದರೆ ಆಳುವವರನ್ನು ಟೀಕಿಸುವ ಸ್ವಾತಂತ್ರ್ಯ ಅಷ್ಟು ಬೆಳೆಯಲಿಲ್ಲ. ಜಗಳದ ನೋವನ್ನು ಮನೆಯೊಳಗೆ ಉಣ್ಣುವವರು ನಿರ್ಧಾರದ ಜಾಗದಲ್ಲಿದ್ದರೆ ಜಗಳ ಬೇಗ ಮಾತಿಗೆ ಬರುತ್ತದೆ. ನಾನು ಹೇಳುವುದು ಇಷ್ಟೇ.

4. ಇನ್ನು ಆಗಬೇಕಾದದ್ದು

ಕೊನೆಯ ಭಾಗ. ಪಂಚಾಯತಿಯ ಮೆಟ್ಟಿಲು ಹತ್ತಿದ ಮಹಿಳೆಗೆ ಮುಂದಿನ ಮೆಟ್ಟಿಲು ಇನ್ನೂ ಎತ್ತರದಲ್ಲಿದೆ. 2023ರ ಚುನಾವಣೆಯಲ್ಲಿ 224 ಸ್ಥಾನಗಳ ನಮ್ಮ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು 10. ವಿಜಯಪುರ ಜಿಲ್ಲೆಯ ಎಂಟು ಕ್ಷೇತ್ರಗಳಲ್ಲಿ ಒಬ್ಬರೂ ಇಲ್ಲ. 1994ರಲ್ಲಿ ಮುದ್ದೇಬಿಹಾಳದಿಂದ ವಿಮಲಾಬಾಯಿ ದೇಶಮುಖ ಅವರನ್ನು ಗೆಲ್ಲಿಸಿದ ಜಿಲ್ಲೆ ಇದು. 2003ರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಹುಟ್ಟಿದ, ಇಂದು ಅಕ್ಕಮಹಾದೇವಿಯ ಹೆಸರಲ್ಲಿ ಅದು ನಡೆಯುತ್ತಿರುವ ಜಿಲ್ಲೆಯೂ ಇದೇ. 2024ರಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ ಮೂರು, ದೇಶದ 543ರಲ್ಲಿ 74 ಮಹಿಳೆಯರಿಗೆ ಬಂದವು.

ಸಂಸತ್ತಿನ ಮೀಸಲಾತಿ ಮಸೂದೆಯನ್ನು 1996ರ ಸೆಪ್ಟೆಂಬರಿನಲ್ಲಿ ಮೊದಲು ಮಂಡಿಸಿದ್ದು ಕನ್ನಡಿಗ ಪ್ರಧಾನಿ ಎಚ್.ಡಿ. ದೇವೇಗೌಡರ ಸರ್ಕಾರ. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ನಿಂತುಹೋಯಿತು. 2023ರ ಸೆಪ್ಟೆಂಬರಿನಲ್ಲಿ ಎರಡೂ ಸದನಗಳು ಒಪ್ಪಿ 106ನೇ ತಿದ್ದುಪಡಿಯಾಯಿತು. ಆದರೆ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎಂಬ ಷರತ್ತನ್ನು ಅದರಲ್ಲಿ ಸೇರಿಸಿದರು. ಇತ್ತ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅರ್ಧ ಪಾಲು ಕೊಟ್ಟ ಮನೆಯ ಬಾಗಿಲನ್ನೇ ಹಾಕಿಬಿಟ್ಟರೆ ಆ ಪಾಲಿಗೆ ಅರ್ಥವೇನು? ಗ್ರಾಮ ಪಂಚಾಯತಿಯಲ್ಲಿ ಪಳಗಿದ ಮಹಿಳೆ ಮೇಲೇರುವ ನಡುವಿನ ಮೆಟ್ಟಿಲು ಅದು. ಚುನಾವಣೆಯನ್ನು ಕಾಲಕ್ಕೆ ಸರಿಯಾಗಿ ನಡೆಸುವುದೂ ಮಹಿಳಾ ಹಕ್ಕಿನ ಪ್ರಶ್ನೆಯೇ ಎಂದು ನಾವು ಗಟ್ಟಿಯಾಗಿ ಹೇಳಬೇಕು.

ದಿಲ್ಲಿ, ಬೆಂಗಳೂರುಗಳ ಕೆಲಸ ಅವರು ಮಾಡಲಿ. ಈ ಊರಿನಲ್ಲಿ, ಟಿಕೋಟಾ, ಬಬಲೇಶ್ವರ ತಾಲೂಕುಗಳ ಊರೂರಲ್ಲಿ ನಾವೇ ಮಾಡಬಹುದಾದ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ಗ್ರಾಮಸಭೆಗೆ ಮೊದಲು ಮಹಿಳಾ ಗ್ರಾಮಸಭೆ ನಡೆಯಲೇಬೇಕು, ಅದೂ ಕೂಲಿಯಿಂದ ಬಂದ ಮೇಲಿನ ಹೊತ್ತಿನಲ್ಲಿ. ಅಲ್ಲಿಯ ಠರಾವುಗಳನ್ನು ಗ್ರಾಮಸಭೆಯಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕು.

ಎರಡು, ಸಭೆಯ ನೋಟಿಸು ಸದಸ್ಯೆಯ ಕೈಗೇ ತಲುಪಬೇಕು. ಪುಸ್ತಕ ಮನೆಗೆ ಬಂದರೆ ಅವಳು ಸಹಿ ಮಾಡಬಾರದು. ಇದನ್ನು ಅವಳೊಬ್ಬಳ ಧೈರ್ಯಕ್ಕೆ ಬಿಡಬೇಡಿ. ಸಭೆಯ ದಿನ ಸಂಘದ ಇಬ್ಬರು ಅವಳ ಜೊತೆ ಪಂಚಾಯತಿ ಕಟ್ಟೆಯವರೆಗೆ ಹೋಗಿ.

ಮೂರು, ಗಂಡಂದಿರಿಗೆ, ಅಣ್ಣ-ತಮ್ಮಂದಿರಿಗೆ ಒಂದು ವಿನಂತಿ. ಸಭೆಯ ದಿನ ಅವಳ ಕುರ್ಚಿಯ ಪಕ್ಕ ಕೂರುವುದು ಸಹಾಯವಲ್ಲ. ಅಂದು ಮನೆಯಲ್ಲಿ ರೊಟ್ಟಿ, ದನಕರು, ಕೂಸುಗಳನ್ನು ನೋಡಿಕೊಳ್ಳುವುದು ನಿಜವಾದ ಸಹಾಯ. ಕೂಲಿ ಮಾಡುವ ತಾಯಂದಿರ ಮಕ್ಕಳಿಗಾಗಿ ಸರ್ಕಾರ ‘ಕೂಸಿನ ಮನೆ’ಗಳನ್ನು ತೆರೆದಿದೆ. ಸಭೆಗೆ ಹೋಗುವ ತಾಯಿಯ ಮಗುವಿಗೂ ಅಲ್ಲಿ ಜಾಗ ಕೊಡುವಂತೆ ಪಂಚಾಯತಿಯಲ್ಲಿ ಕೇಳೋಣ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮೀಸಲು ತಿರುಗಿ ವಾರ್ಡು ‘ಸಾಮಾನ್ಯ’ ಎಂದಾದ ಕೂಡಲೇ ‘ಈ ಸಲ ಗಂಡಸರದು’ ಎಂದು ಊರು ತೀರ್ಮಾನಿಸಿಬಿಡುತ್ತದೆ. ಕಾನೂನು ಹಾಗೆ ಹೇಳಿಲ್ಲ. ಸಾಮಾನ್ಯ ಸ್ಥಾನಕ್ಕೆ ಮಹಿಳೆಯೂ ನಿಲ್ಲಬಹುದು. ಐದು ವರ್ಷ ಚೆನ್ನಾಗಿ ಕೆಲಸ ಮಾಡಿದವಳು ಅದೇ ವಾರ್ಡಿನಿಂದ ಮತ್ತೆ ನಾಮಪತ್ರ ಹಾಕಬೇಕು, ಸಂಘ ಅವಳ ಪರವಾಗಿ ಮನೆಮನೆಗೆ ಹೋಗಬೇಕು. ಎರಡು ಅವಧಿಯ ಅನುಭವ ಮಗಳ ಬಗ್ಗೆ ತಂದೆ-ತಾಯಿ ಇಟ್ಟುಕೊಂಡ ಆಸೆಯನ್ನೇ ಬದಲಿಸುತ್ತದೆ ಎಂದು ಆಗಲೇ ಕಂಡೆವು. ಆ ಎರಡನೇ ಅವಧಿಯನ್ನು ಸರ್ಕಾರ ಕೊಡದಿದ್ದರೆ ಮತದಾರರಾದ ನಾವು ಕೊಡೋಣ.

ಇಲ್ಲಿ ಕುಳಿತ ವಿದ್ಯಾರ್ಥಿನಿಯರಿಗೆ ಒಂದು ಮಾತು. ಪಂಚಾಯತಿಗೆ ನಿಲ್ಲಲು 21 ವರ್ಷ ತುಂಬಿರಬೇಕು. ಗ್ರಾಮಸಭೆಯಲ್ಲಿ ಕೂರಲು, ಕೇಳಲು, ಠರಾವಿನಲ್ಲಿ ಬರೆಸಲು 18 ಸಾಕು. ಆ ನಡುವಿನ ಮೂರು ವರ್ಷವನ್ನು ವ್ಯರ್ಥ ಮಾಡಬೇಡಿ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಈ ವಾರವೇ ಪಂಚಾಯತಿಯಲ್ಲಿ ಕೇಳಿಕೊಳ್ಳಿ, ಅವ್ವನನ್ನೂ ನೆರೆಮನೆಯ ಅಕ್ಕನನ್ನೂ ಕರೆದುಕೊಂಡು ಹೋಗಿ, ನಿಮ್ಮ ಓಣಿಯ ಒಂದು ಬೇಡಿಕೆಯನ್ನು ಬರೆಸಿಯೇ ಬನ್ನಿ.